ಬೆರಿಲ್ ಬರ್ಟನ್: ಲೀಡ್ಸ್‌ನ ಸೈಕಲ್ ಸಾಹಸಿ

ಬೆರಿಲ್ ಬರ್ಟನ್ (1937–1996) ಲೀಡ್ಸ್‌ನಲ್ಲಿ ಹುಟ್ಟಿದ ಸೈಕಲ್ ಪಟು. ಪತಿ ಚಾರ್ಲಿ ಬರ್ಟನ್ ಆಕೆಗೆ ಸೈಕಲ್ ಗೀಳು ಹತ್ತಿಸಿದರು. ಮಾರ್ಲಿ ಕ್ಲಬ್ಬಿನ ಪರ ಓಡಿಸುತ್ತಿದ್ದ ಬೆರಿಲ್ ಕೊನೆಯವರೆಗೂ ಹವ್ಯಾಸಿಯೇ. ಹೊಟ್ಟೆಪಾಡಿಗೆ ರೂಬಾರ್ಬ್ ತೋಟದಲ್ಲಿ ದುಡಿದರು. ಆ ಮೈಮುರಿ ಕೆಲಸವೇ ಕಸುವು ಕೊಟ್ಟಿತು.

1959ರಿಂದ 1967ರವರೆಗೆ ಏಳು ವಿಶ್ವ ಪ್ರಶಸ್ತಿಗಳು ಒಲಿದವು: ಟ್ರ್ಯಾಕ್‌ನಲ್ಲಿ ಐದು, ರಸ್ತೆಯಲ್ಲಿ ಎರಡು. ಬ್ರಿಟನ್ನಿನ ಶ್ರೇಷ್ಠ ಮಹಿಳಾ ಆಲ್‌ರೌಂಡರ್ ಪಟ್ಟ 1983ರವರೆಗೆ ಸತತ 25 ವರ್ಷ ಅವರದೇ.

1967ರಲ್ಲಿ 12 ಗಂಟೆಗಳಲ್ಲಿ 277.25 ಮೈಲಿ ಕ್ರಮಿಸಿ ಪುರುಷರ ದಾಖಲೆಯನ್ನೂ ಮೀರಿಸಿದರು. ಅಂದು ಸ್ಪರ್ಧೆಯಲ್ಲಿದ್ದ ಪುರುಷ ಸವಾರ ಮೈಕ್ ಮೆಕ್‌ನಮಾರಾರನ್ನು ಹಿಂದಿಕ್ಕುವಾಗ ಕೈಚಾಚಿ ಜ್ಯೇಷ್ಠಮಧುವಿನ ಮಿಠಾಯಿ ಕೊಟ್ಟರು, ಆತ ತೆಗೆದುಕೊಂಡರು. ಮಹಿಳೆಯರ ವಿಭಾಗದಲ್ಲಿ ಆ ದಾಖಲೆ 2017ರವರೆಗೆ ಅಳಿಯಲಿಲ್ಲ.

1996ರ ಮೇನಲ್ಲಿ ಸೈಕಲ್ ಮೇಲಿದ್ದಾಗಲೇ ಹೃದಯ ನಿಂತಿತು.