ಅಬ್ಬೆ ದುಬುವಾ ಕಂಡ ಬಡತನ, ರೋಮಿನ ಪರಿಪತ್ರಗಳು ಹೇಳಿದ ನ್ಯಾಯ

ಶ್ರೀರಂಗಪಟ್ಟಣದ ಕೋಟೆಯನ್ನು ದಾಟಿ ಗಂಜಾಮಿಗೆ ಬರುವ ಯಾತ್ರಿಕರು ನಿಮಿಷಾಂಬೆಯ ದರ್ಶನಕ್ಕಾಗಿ ಅವಸರಪಡುತ್ತಾರೆ. ಅದೇ ಊರಿನಲ್ಲಿ ಅಬ್ಬೆ ದುಬುವಾ ಎಂಬ ಫ್ರೆಂಚ್ ಪಾದ್ರಿಯ ಹೆಸರನ್ನು ಹೊತ್ತ ಪುರಾತನ ಇಗರ್ಜಿಯೊಂದಿದೆ ಎಂಬುದು ಅವರಲ್ಲಿ ಬಹುಮಂದಿಗೆ ತಿಳಿದಿರಲಾರದು. 1799ರಲ್ಲಿ ಪಟ್ಟಣವು ಪತನವಾದ ಮೇಲೆ ಈ ಪಾದ್ರಿಗಳು ಮೈಸೂರು ಸೀಮೆಗೆ ಬಂದರು. 1823ರಲ್ಲಿ ಸ್ವದೇಶಕ್ಕೆ ಮರಳುವವರೆಗೆ ಇಲ್ಲಿಯ ಉಡುಪನ್ನೇ ಉಟ್ಟು, ಇಲ್ಲಿಯ ಆಹಾರವನ್ನೇ ಉಂಡು, 'ದೊಡ್ಡಸ್ವಾಮಿಯವರು' ಎಂದು ಜನರಿಂದ ಕರೆಸಿಕೊಂಡರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ನೆಲೆಯಿಲ್ಲದ ಕುಟುಂಬಗಳನ್ನು ಕೂಡಿಸಿ ಬೇಸಾಯದ ವಸತಿಯೊಂದನ್ನು ಕಟ್ಟಿದರು. 1803-04ರಲ್ಲಿ ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸಕ್ಕೆ ನಿಂತು 25 ಸಾವಿರಕ್ಕೂ ಹೆಚ್ಚು ಜನರಿಗೆ ಅದು ದೊರೆಯುವಂತೆ ಮಾಡಿದರು. ಇಷ್ಟನ್ನು ಮೊದಲೇ ಹೇಳಿಬಿಡುವುದು ಉಚಿತ. ಏಕೆಂದರೆ ಮುಂದೆ ಅವರ ಗ್ರಂಥದ ವಿಷಯದಲ್ಲಿ ನಾನು ಆಡಬೇಕಾಗಿರುವ ಮಾತುಗಳು ಅಷ್ಟು ಮೃದುವಾದವುಗಳಲ್ಲ.

ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು ಅವರು ಬರೆದ ಗ್ರಂಥದ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಎರಡು ಸಾವಿರ ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಮೂಲಭಾಗದ ಬಹ್ವಂಶ ಅವರಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಕೂರ್ದೂ ಎಂಬವರದು ಎಂಬುದನ್ನು ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಪ್ರಕಟವಾದ ತಮ್ಮ ಸಂಶೋಧನೆಯಲ್ಲಿ ತೋರಿಸಿಕೊಟ್ಟಿದ್ದಾರೆ. ಆದರೆ ಬಡತನವನ್ನು ಕುರಿತ ಅಧ್ಯಾಯದಲ್ಲಿ ಮೈಸೂರು ಸೀಮೆಯ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದವರ ಕಣ್ಣು ಕಾಣುತ್ತದೆ. ಜನರನ್ನು ಅವರವರ ಸೊತ್ತಿನ ಪ್ರಮಾಣದಂತೆ ವರ್ಗಗಳಾಗಿ ವಿಂಗಡಿಸಿ, ಐದು ಪೌಂಡಿನಷ್ಟೂ ಆಸ್ತಿಯಿಲ್ಲದವರು ಇಪ್ಪತ್ತರಲ್ಲಿ ಒಂಬತ್ತು ಪಾಲು, ಪ್ರಾಯಶಃ ಅರ್ಧದಷ್ಟೇ ಇರಬಹುದೆಂದು ಅವರು ಅಂದಾಜು ಮಾಡುತ್ತಾರೆ. ಯುರೋಪಿನ ಯಂತ್ರಗಳಿಂದಾಗಿ ಇಲ್ಲಿಯ ಮಗ್ಗಗಳು ನಿಂತುಹೋದುದನ್ನೂ, ನೂಲುತ್ತಿದ್ದ ವಿಧವೆಯರ ಕೈಗೆ ಕೆಲಸವಿಲ್ಲದಾದುದನ್ನೂ ಅವರು ಮರೆಮಾಚುವುದಿಲ್ಲ. ಕಂಪನಿಯ ಹಣದಿಂದ ಬೆಳಕು ಕಂಡ ಗ್ರಂಥದ ಕರ್ತೃವಿನಿಂದ ಇಂಥ ಮಾತು ಬಂದುದು ಗಮನಾರ್ಹ.

ಹೀಗೆ ರೋಗವನ್ನು ಕಂಡವರು ನಿದಾನದಲ್ಲಿ ಎಡವಿದರು. ಜನಸಂಖ್ಯೆಯ ಹೆಚ್ಚಳವೇ ದಾರಿದ್ರ್ಯದ ಪ್ರಧಾನ ಕಾರಣವೆಂದು ಅವರು ತೀರ್ಮಾನಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಜಾತಿವ್ಯವಸ್ಥೆಯೇ ಹಿಂದೂ ಶಾಸನಕಾರರ ಅತ್ಯುತ್ತಮ ಕೃತಿ, ಅದಿಲ್ಲದಿದ್ದರೆ ಈ ದೇಶ ಅನಾಗರಿಕತೆಗೆ ಇಳಿಯುತ್ತಿತ್ತು ಎಂದು ಪ್ರಶಂಸಿಸುತ್ತಾರೆ. ಹೊಲೆಯರ ಬಾಳು ಗುಲಾಮರ ಬಾಳಿಗಿಂತ ಮೇಲಲ್ಲವೆಂದು ಅದೇ ಲೇಖನಿ ಕರುಣೆಯಿಂದ ವರ್ಣಿಸಿದೆ! ಇಪ್ಪತ್ತರಲ್ಲಿ ಒಂಬತ್ತು ಪಾಲಿನವರನ್ನು ನಿರ್ಗತಿಕರನ್ನಾಗಿಸಿದ ಏರ್ಪಾಡಿಗೂ ತಾವು ಹೊಗಳಿದ ಏರ್ಪಾಡಿಗೂ ನಂಟಿದೆಯೇ ಎಂಬ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ, 1792ರಲ್ಲಿ, ದೇಶ ಬಿಟ್ಟು ಬಂದ ಪಾದ್ರಿಗೆ ಕಟ್ಟಳೆಯೆಂಬುದೇ ಧರ್ಮವಾಗಿ ತೋರಿದ್ದರೆ ಅದನ್ನು ಅರ್ಥಮಾಡಿಕೊಳ್ಳಬಹುದು, ಒಪ್ಪಿಕೊಳ್ಳಲಾಗದು.

ಲಿಂಗಧಾರಿಗಳ ಪ್ರಸ್ತಾಪವೂ ಗ್ರಂಥದಲ್ಲಿ ಬರುತ್ತದೆ. ಇವರು ಸೂತಕವನ್ನು ಲೆಕ್ಕಿಸುವುದಿಲ್ಲ, ಪುನರ್ಜನ್ಮವನ್ನು ನಂಬುವುದಿಲ್ಲ, ಶವವನ್ನು ಹೂಳುತ್ತಾರೆ, ಪುಣ್ಯನದಿಗಳನ್ನು ಹುಡುಕಿಕೊಂಡು ಹೋಗುವುದಿಲ್ಲ ಎಂದೆಲ್ಲ ಅವರು ಬರೆದಿಡುತ್ತಾರೆ. ಇದೆಲ್ಲವನ್ನೂ ಒಂದು ಪಂಗಡದ ವಿಚಿತ್ರ ನಡವಳಿಕೆಯೆಂಬಂತೆ ಬರೆದು ಮುಂದೆ ಸಾಗಿಬಿಡುತ್ತಾರೆ. ಕಟ್ಟಳೆಯನ್ನು ಪ್ರಶ್ನಿಸಿ, ಕಾಯಕವನ್ನು ಮೇಲು ಕೀಳಿನಿಂದ ಬಿಡಿಸಿದ ಜನ ತಮ್ಮ ಸುತ್ತಮುತ್ತಲೇ ಇದ್ದರೂ ಆ ವಿಚಾರದ ಒಳಹೊಕ್ಕು ನೋಡಲಿಲ್ಲ. ಅದು ನಮ್ಮವರ ಲೋಪವೂ ಆಗಿರಬಹುದು: ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಸೀಮೆಯ ಪಾದ್ರಿಯೊಬ್ಬರ ಕಣ್ಣಿಗೆ ಬಿದ್ದ ಲಿಂಗಾಯತ ಬದುಕು ಹನ್ನೆರಡನೆಯ ಶತಮಾನದ ಮಾತಿಗೆ ಎಷ್ಟು ಹತ್ತಿರವಾಗಿತ್ತು?

ದುಬುವಾ ಭಾರತವನ್ನು ಬಿಟ್ಟ 68 ವರ್ಷಗಳ ತರುವಾಯ, 1891ರ ಮೇ 15ರಂದು, ಹದಿಮೂರನೆಯ ಲಿಯೋ ಜಗದ್ಗುರುಗಳು 'ರೇರುಮ್ ನೋವಾರುಮ್' ಎಂಬ ಪರಿಪತ್ರವನ್ನು ಹೊರಡಿಸಿದರು. ಖಾಸಗಿ ಆಸ್ತಿಯ ಹಕ್ಕನ್ನು ಅದು ಬಲವಾಗಿ ಸಮರ್ಥಿಸುತ್ತದೆ, ಸಮಾಜವಾದವನ್ನು ಖಂಡಿಸುತ್ತದೆ. ಇದನ್ನೇ ಹಿಡಿದು ಕೆಲವರು ಅದನ್ನು ಉಳ್ಳವರ ಪತ್ರವೆಂದು ತಳ್ಳಿಹಾಕುತ್ತಾರೆ; ಅದು ಅರ್ಧ ಓದಿದವರ ಮಾತು. ಮಿತವಾಗಿ ಬಾಳುವ ಕೂಲಿಗಾರನ ಜೀವನಕ್ಕೆ ಸಾಲದಷ್ಟು ಕೂಲಿಗೆ ಅವನು ಕಷ್ಟದಿಂದಲೋ ಭಯದಿಂದಲೋ ಒಪ್ಪಿಕೊಂಡರೆ, ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಅವನು ಬಲಾತ್ಕಾರಕ್ಕೆ ಒಳಗಾದವನು ಎಂಬ ತತ್ತ್ವವೂ ಅದರಲ್ಲಿಯೇ ಇದೆ.

ಈ ತತ್ತ್ವವನ್ನು ನಮ್ಮ ಸೀಮೆಗೆ ತಂದು ನೋಡೋಣ. ಪಾಲಹಳ್ಳಿಯಲ್ಲಿ 1847ರಲ್ಲಿಯೇ ರೈತರ ಬೆಲ್ಲವನ್ನು ಕೊಂಡು ಸಕ್ಕರೆ ಮಾಡುವ ಕಾರ್ಖಾನೆ ಸ್ಥಾಪನೆಯಾಗಿತ್ತು. ಕೃಷ್ಣರಾಜಸಾಗರದ ನೀರು ನಾಲೆಗಳಲ್ಲಿ ಹರಿದ ಮೇಲೆ ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಗಳಲ್ಲಿ ಕಬ್ಬು ನೆಲೆನಿಂತಿತು. ಕಬ್ಬು ಕಾಯುವ ಬೆಳೆಯಲ್ಲ. ಕಡಿದ ಕಬ್ಬು ಬಿಸಿಲಿನಲ್ಲಿ ನಿಂತಷ್ಟೂ ತೂಕವೂ ಸಿಹಿಯೂ ಇಳಿಯುತ್ತವೆ. ಆದುದರಿಂದ ಗಾಡಿಯನ್ನು ಕಾರ್ಖಾನೆಯ ಬಾಗಿಲಿಗೆ ತಂದ ರೈತ ಬೆಲೆಯನ್ನು ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ಕಬ್ಬು ಸರಬರಾಜಾದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ಶೇಕಡ 15ರಂತೆ ಬಡ್ಡಿ ಸಲ್ಲಬೇಕು ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆ ವಿಧಿಸುತ್ತದೆ. ಆಜ್ಞೆ ಕಾಗದದಲ್ಲಿ ಭದ್ರವಾಗಿದೆ. ಬಾಕಿ ಹಣಕ್ಕಾಗಿ ಧರಣಿ ಕೂತವರಿಗೆ ಅದರ ಬೆಲೆ ಗೊತ್ತು. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಸಾಲಕ್ಕೆ ಜೀವ ತೆತ್ತ ಸುದ್ದಿಗಳನ್ನು ಓದಿದವರಿಗೆ ಲಿಯೋ ಅವರ 'ಬಲಾತ್ಕಾರ' ಎಂಬ ಮಾತು ಅತಿಶಯೋಕ್ತಿಯೆನಿಸದು. ರೈತರದೇ ಆಗಿದ್ದ ಪಾಂಡವಪುರದ ಸಹಕಾರಿ ಕಾರ್ಖಾನೆಯೂ ವರ್ಷಗಟ್ಟಲೆ ಬಾಗಿಲು ಮುಚ್ಚಿ, ಕೊನೆಗೆ 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು.

ಪರಿಪತ್ರಗಳ ಪೈಕಿ ನಮ್ಮ ಜಿಲ್ಲೆಯವರು ಓದಬೇಕಾದುದು ಇಪ್ಪತ್ತಮೂರನೆಯ ಜಾನ್ ಅವರು 1961ರಲ್ಲಿ ಬರೆದ 'ಮಾತೆರ್ ಎತ್ ಮಾಜಿಸ್ತ್ರಾ' ಎಂಬುದು. ಬೇಸಾಯವನ್ನು ಹಿಂದುಳಿದ ರಂಗವೆಂದು ಗುರುತಿಸಿ, ತೆರಿಗೆ, ಸಾಲ, ವಿಮೆ, ಬೆಲೆ, ಒಂದೊಂದನ್ನೂ ಅದು ಪ್ರತ್ಯೇಕವಾಗಿ ಕೈಗೆತ್ತಿಕೊಳ್ಳುತ್ತದೆ. ಆಹಾರ ಎಲ್ಲರಿಗೂ ಅಗ್ಗವಾಗಿ ಸಿಕ್ಕಬೇಕೆಂಬ ನೆಪದಿಂದ ಅದನ್ನು ಬೆಳೆಯುವವರನ್ನು ಸದಾ ಕೆಳಗಿಡಲಾಗದೆಂದು ಹೇಳುತ್ತದೆ. ರೈತರು ತಮ್ಮ ಉದ್ಧಾರವನ್ನು ತಾವೇ ಸಂಘಟಿತರಾಗಿ ಸಾಧಿಸಬೇಕು, ಸಹಕಾರ ಸಂಘಗಳನ್ನು ಕಟ್ಟಬೇಕು ಎನ್ನುತ್ತದೆ. ರೋಮಿನಲ್ಲಿ ಕುಳಿತು ಬರೆದ ಮಾತು ಕೆ.ಆರ್. ಪೇಟೆಯ ಸಂತೆಯಲ್ಲಿ ಕೇಳಿದಂತಿದೆ. ಆದರೂ ನನ್ನದೊಂದು ಆಕ್ಷೇಪವುಂಟು. ಈ ಪತ್ರದ ಕಣ್ಣಮುಂದಿರುವ ಆದರ್ಶ ಸ್ವಂತ ಜಮೀನಿನಲ್ಲಿ ಕುಟುಂಬದೊಡನೆ ದುಡಿಯುವ ಒಕ್ಕಲು. ನಾಗಮಂಗಲದ ಬೆದ್ದಲಿನಲ್ಲಿ ಮಳೆಯನ್ನೇ ನೆಚ್ಚಿದ ರಾಗಿಯ ರೈತನಿಗೆ ಅದು ಹೇಗೋ ಹೊಂದೀತು. ಅಂಗೈಯಗಲ ಭೂಮಿಯೂ ಇಲ್ಲದವನಿಗೆ ಸಹಕಾರ ಸಂಘದ ಷೇರೂ ಇಲ್ಲ, ಬೆಲೆ ನಿಗದಿಯ ಲಾಭವೂ ಇಲ್ಲ.

ಆ ಕೊರತೆಯನ್ನು ಆರನೆಯ ಪಾಲ್ ಅವರ 1967ರ 'ಪೊಪುಲೋರುಮ್ ಪ್ರೊಗ್ರೆಸ್ಸಿಯೊ' ಸ್ವಲ್ಪಮಟ್ಟಿಗೆ ತುಂಬುತ್ತದೆ. ಅವರು 1964ರಲ್ಲಿ ಮುಂಬಯಿಗೆ ಬಂದು ಹೋಗಿದ್ದರು. ಆ ಪ್ರವಾಸವನ್ನು ಪತ್ರದಲ್ಲಿ ನೆನೆದಿದ್ದಾರೆ. ಆಸ್ತಿಯ ಹಕ್ಕು ನಿರುಪಾಧಿಕವಲ್ಲ, ಲೋಕಹಿತಕ್ಕೆ ಅಗತ್ಯವಾದರೆ ದೊಡ್ಡ ಹಿಡುವಳಿಗಳನ್ನು ಸರ್ಕಾರ ವಶಪಡಿಸಿಕೊಳ್ಳಬಹುದು ಎಂದು ಅವರು ಸ್ಪಷ್ಟವಾಗಿ ಬರೆದರು. ಏಳು ವರ್ಷಗಳ ನಂತರ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಕರ್ನಾಟಕದಲ್ಲಿ ಗೇಣಿ ರದ್ದಾಯಿತು. ಅದಕ್ಕೂ ಮೊದಲೇ 1955ರ ಧಾರ್ಮಿಕ ಇನಾಮು ರದ್ದತಿ ಕಾನೂನು ಹಳೆ ಮೈಸೂರಿನ ಮಠ ದೇವಾಲಯಗಳನ್ನು ಮುಟ್ಟಿತ್ತು. ಆ ದಿನಗಳಲ್ಲಿ ಮಠಗಳ ಜಗಲಿಗಳ ಮೇಲೆ ನಡೆದ ಮಾತುಕತೆಗಳನ್ನು ಹಿರಿಯ ವಾಚಕರು ಬಲ್ಲರು. ಇನಾಮು ಹೋಯಿತೆಂಬ ಕೊರಗು ಕೇಳಿಬಂದಷ್ಟು, ಗೇಣಿದಾರನಿಗೆ ನೆಲ ದೊರೆಯಿತೆಂಬ ಸಂತೋಷ ಕೇಳಿಬರಲಿಲ್ಲ.

ರಾಜ್ಯಾಡಳಿತದ ವಿಷಯದಲ್ಲಿ ಹನ್ನೊಂದನೆಯ ಪಿಯುಸ್ ಅವರ 1931ರ ಪರಿಪತ್ರ ಒಂದು ಸೂತ್ರವನ್ನು ಕೊಟ್ಟಿದೆ: ಕೆಳಗಿನ ಸಂಸ್ಥೆ ಮಾಡಬಲ್ಲ ಕೆಲಸವನ್ನು ಮೇಲಿನದು ಕಸಿದುಕೊಳ್ಳಬಾರದು. 1983ರ ಕಾಯಿದೆಯಿಂದ ಬಂದ ನಮ್ಮ ಮಂಡಲ ಪಂಚಾಯಿತಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಪತ್ರದ ಇನ್ನೊಂದು ಮಾತು ನಮಗೆ ಹೆಚ್ಚು ಚುಚ್ಚುವಂಥದು: ನ್ಯಾಯವಾಗಿ ಸಲ್ಲಬೇಕಾದುದನ್ನು ತಡೆಹಿಡಿದು ಅದರ ಬದಲಿಗೆ ದಾನವನ್ನು ಕೊಟ್ಟರೆ ಅದು ದಾನವಾಗದು. ದಾಸೋಹವನ್ನು ಅನ್ನಸಂತರ್ಪಣೆಯೆಂದಷ್ಟೇ ತಿಳಿದ ಭಕ್ತರಿಗೆ ಈ ಮಾತು ಅನ್ಯಮತದ್ದೆಂದು ದೂರವಾಗಬೇಕಾಗಿಲ್ಲ. ಕಾಯಕದಿಂದ ಬಂದುದು ಮಾತ್ರ ದಾಸೋಹಕ್ಕೆ ಸಲ್ಲುತ್ತದೆ ಎಂಬ ಶರಣರ ನಿಯಮವೂ ಇದನ್ನೇ ಹೇಳುತ್ತದೆ. ಆಳಿನ ಕೂಲಿಯಲ್ಲಿ ಉಳಿಸಿದ ಹಣದಿಂದ ಬಡಿಸಿದ ಎಲೆ ಯಾರ ದಾಸೋಹ?

ಕಥೋಲಿಕ ಸಭೆ ತನ್ನ ಮನೆಯೊಳಗೆ ಈ ನ್ಯಾಯವನ್ನು ನಡೆಸಿದೆಯೇ ಎಂದು ಕೇಳುವುದೂ ವಿಮರ್ಶಕನ ಕರ್ತವ್ಯ. ದುಬುವಾ ಮೆಚ್ಚಿದ ಜಾತಿ ಇಗರ್ಜಿಯ ಬಾಗಿಲ ಬಳಿ ನಿಂತುಹೋಗಲಿಲ್ಲ. ದಲಿತ ಕ್ರೈಸ್ತರಿಗೆ ಸಭೆಯೊಳಗೇ ಅನ್ಯಾಯವಾಗಿದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿತು. 1891ರಿಂದ 2016ಕ್ಕೆ 125 ವರ್ಷ. ತಡವಾಗಿಯಾದರೂ ಬರಹದಲ್ಲಿ ಒಪ್ಪಿಕೊಂಡರೆಂಬುದನ್ನು ಮೆಚ್ಚಲೇಬೇಕು. ನಮ್ಮ ಒಳಪಂಗಡಗಳ ಕನ್ಯಾದಾನದ ಲೆಕ್ಕಾಚಾರಗಳನ್ನು ಯಾವ ಮಠವೂ ಅಷ್ಟು ನಿಷ್ಠುರವಾಗಿ ಬರೆದಿಟ್ಟುದನ್ನು ನಾನು ಕಂಡಿಲ್ಲ.

ಎರಡನೆಯ ಜಾನ್ ಪಾಲ್ ಅವರು 1981ರ ಪರಿಪತ್ರದಲ್ಲಿ ಬಂಡವಾಳಕ್ಕಿಂತ ದುಡಿಮೆ ಮೊದಲೆಂದು ಸಾರಿದರು. ಕಬ್ಬು ಕಡಿಯುವ ಕಾಲದಲ್ಲಿ ಹೊರ ಜಿಲ್ಲೆಗಳಿಂದ ಸಂಸಾರಸಮೇತ ಬರುವ ಆಳುಗಳು ಕೆ.ಆರ್. ಪೇಟೆ, ಪಾಂಡವಪುರಗಳ ರಸ್ತೆಯಂಚಿನಲ್ಲಿ ಗುಡಿಸಲು ಹಾಕುತ್ತಾರೆ. ಕಬ್ಬಿನ ಬೆಲೆಗಾಗಿ ನಡೆಯುವ ಚಳವಳಿಗಳಲ್ಲಿ ಅವರ ಕೂಲಿಯ ಮಾತು ಅಪರೂಪಕ್ಕೆ ಬರುತ್ತದೆ. ಮಕ್ಕಳ ಶಾಲೆಯ ಮಾತು ಬರುವುದೇ ಇಲ್ಲ. ದುಬುವಾ ಎಣಿಸಿದ ಇಪ್ಪತ್ತರಲ್ಲಿ ಒಂಬತ್ತು ಪಾಲಿನವರ ಮೊಮ್ಮಕ್ಕಳು ಪ್ರಾಯಶಃ ಇವರೇ. ಹಂಗಾಮು ಮುಗಿದ ಮರುದಿನ ಗುಡಿಸಲ ಗರಿಗಳನ್ನು ಕಟ್ಟಿಕೊಂಡು ಲಾರಿ ಹತ್ತುತ್ತಾರೆ.