ಲೋಮೆನ್‌ನಿಂದ ಲಾಲ್‌ಬಾಗಿಗೆ

ಉತ್ತರ ಕರ್ನಾಟಕದ ಮನೆತನಗಳಿಗೆ ಹೆಳವರಿದ್ದಾರೆ. ಎತ್ತಿನೊಂದಿಗೆ ಅಂಗಳಕ್ಕೆ ಬಂದು, ಮೂಲಪುರುಷ ಯಾರು, ಯಾವ ಊರು ಬಿಟ್ಟು ಎಲ್ಲಿಗೆ ಬಂದ, ಯಾರಿಗೆ ಎಷ್ಟು ಮಕ್ಕಳು ಎಂದು ಒಪ್ಪಿಸಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು ಪಡೆದು ಹೋಗುತ್ತಾರೆ. ಕಡಲು ದಾಟಿ ಬಂದವರಿಗೆ ಹೆಳವರಿಲ್ಲ. ಅವರ ಕತೆಯನ್ನು ನಾಲ್ಕು ಕಡೆಯ ಕಡತಗಳಿಂದ ನಾವೇ ಹೆಕ್ಕಬೇಕು.

ಜಯನಗರದಲ್ಲಿ ಕೂತು ವಂಶಾವಳಿ ಹುಡುಕುವ ಹವ್ಯಾಸಿಗಳಿಗೆ ಜರ್ಮನ್ ತೋಟಗಾರ ಗುಸ್ಟಾಫ್ ಹರ್ಮನ್ ಕೃಂಬಿಗಲ್ ಅವರಿಗಿಂತ ಒಳ್ಳೆಯ ಪಾಠ ಹತ್ತಿರದಲ್ಲಿ ಇನ್ನೊಂದಿಲ್ಲ. ಲಾಲ್‌ಬಾಗಿನ ಬದಿಯ ಕೃಂಬಿಗಲ್ ರಸ್ತೆ ಇವರ ಹೆಸರಿನದೇ. ಹುಟ್ಟಿದ್ದು 1865ರಲ್ಲಿ, ಡ್ರೆಸ್ಡನ್ ಸಮೀಪದ ಲೋಮೆನ್‌ನಲ್ಲಿ. ಜರ್ಮನಿಯ ಸರ್ಕಾರ ದೇಶದುದ್ದಕ್ಕೂ ಜನನ ಮರಣ ನೋಂದಾಯಿಸತೊಡಗಿದ್ದು 1876ರಲ್ಲಿ. ಆದ್ದರಿಂದ ಇವರ ತಂದೆತಾಯಿಯರನ್ನು ತಿಳಿಯಲು ಚರ್ಚಿನ ದೀಕ್ಷಾಸ್ನಾನದ ಪುಸ್ತಕವೇ ಗತಿ.

ಮುಂದಿನ ದಾರಿಗೆ ಆ ಪುಸ್ತಕ ಸಾಲದು. ಕಸುಬಿನ ಬೆನ್ನು ಹತ್ತಬೇಕು. ಲಂಡನ್ನಿನ ಹೈಡ್ ಪಾರ್ಕಿನ ಹೂಪಾತಿ, ಆಮೇಲೆ ಕ್ಯೂ ಉದ್ಯಾನ, 1893ರಲ್ಲಿ ಬರೋಡ ಮಹಾರಾಜರ ಚಾಕರಿ, 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನದ ಲಾಲ್‌ಬಾಗ್. ಕ್ಯೂನಲ್ಲಿ ಪಳಗಿದವರ ಸಂಘ, ತನ್ನವರು ಯಾವ ದೇಶದ ಯಾವ ತೋಟದಲ್ಲಿದ್ದಾರೆಂದು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕುತ್ತಿತ್ತು. ನನ್ನ ಮಟ್ಟಿಗೆ ಹಡಗಿನ ಪಟ್ಟಿಗಿಂತ ಅದು ಬೆಲೆಬಾಳುವ ದಾಖಲೆ: ಮನುಷ್ಯ ಎಲ್ಲಿ ಇಳಿದ ಎಂಬುದಷ್ಟೇ ಅಲ್ಲ, ಇಳಿದು ಏನು ಮಾಡಿದ ಎಂಬುದೂ ಅಲ್ಲಿದೆ.

ಎರಡೂ ಮಹಾಯುದ್ಧಗಳಲ್ಲಿ, ಜರ್ಮನ್ ಎಂಬ ಒಂದೇ ಕಾರಣಕ್ಕೆ, ಬ್ರಿಟಿಷರು ಇವರನ್ನು ಬಂಧನದಲ್ಲಿಟ್ಟರು. ಬೆಂಗಳೂರಿಗೆ ಋತುವಿಗೊಂದು ಹೂಮರ ಕೊಟ್ಟವರಿಗೆ ಆದ ಈ ಅನ್ಯಾಯ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ವಲಸಿಗರ ಬದುಕಿನಲ್ಲಿ ಯುದ್ಧಕಾಲದ ವರ್ಷಗಳು ಖಾಲಿ ಕಂಡರೆ ಬಿಟ್ಟು ಮುಂದೆ ಹೋಗಬೇಡಿ, ಬ್ರಿಟಿಷ್ ರೆಸಿಡೆನ್ಸಿಯ ಕಡತ ಕೇಳಿ.

1932ರಲ್ಲಿ ನಿವೃತ್ತರಾದ ಮೇಲೂ ಅವರು ಹುಟ್ಟೂರಿಗೆ ಮರಳಲಿಲ್ಲ. 1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದಾಗ ಬೆಂಗಳೂರಿನಲ್ಲೇ ಇದ್ದರು. 1956ರಲ್ಲಿ ಇಲ್ಲೇ ತೀರಿಕೊಂಡರು. ಇಲ್ಲಿನ ಚರ್ಚುಗಳಿಂದ ಲಂಡನ್ನಿಗೆ ಹೋಗುತ್ತಿದ್ದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ವರದಿಗಳು ಬಹುಪಾಲು 1948ಕ್ಕೇ ನಿಲ್ಲುತ್ತವೆ. ಹಾಗಾಗಿ ಇಂಥವರ ಕೊನೆಯ ಪುಟಕ್ಕೆ ಸ್ಮಶಾನಕ್ಕೇ ಹೋಗಬೇಕು. ಇವರದು ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನ. ಹಳೆಯ ಸಮಾಧಿಗಳ ಅಕ್ಷರ ಸವೆದಿದ್ದರೆ ಸೀಮೆಸುಣ್ಣ ಉಜ್ಜಬೇಡಿ, ಕಲ್ಲು ಕೆಡುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ತಗ್ಗಿನ ನೆರಳು ಎದ್ದು, ಹೆಸರು ಇಸವಿ ಎರಡೂ ಓದಲು ಸಿಗುತ್ತವೆ.