ತಂದೆಯ ಮರಣ ಮತ್ತು ದೇವರ ಕರೆ: ಲಾಗರ್ಲೋಫ್ ಅವರ ‘ಜೆರುಸಲೇಂ’

ಸ್ವೀಡನ್ ದೇಶದ ಲೇಖಕಿ ಸೆಲ್ಮಾ ಲಾಗರ್ಲೋಫ್ ಅವರ ‘ಜೆರುಸಲೇಂ’ ಕಾದಂಬರಿಯು ೧೯೦೧ ಮತ್ತು ೧೯೦೨ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ೧೯೦೯ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕವನ್ನು ಪಡೆದ ಈ ಲೇಖಕಿಯೇ ಆ ಗೌರವಕ್ಕೆ ಪಾತ್ರರಾದ ಪ್ರಥಮ ಮಹಿಳೆ. ದೈವಭಕ್ತಿಯುಳ್ಳ ಒಂದು ಒಕ್ಕಲು ಮನೆತನವು ಹಿರಿಯನನ್ನು ಕಳೆದುಕೊಂಡು, ಕೆಲವು ವರ್ಷಗಳ ತರುವಾಯ ಹೊಲಮನೆಗಳನ್ನು ಹರಾಜಿಗಿಟ್ಟು ಜೆರುಸಲೇಮಿಗೆ ಹೊರಟುಹೋಗುವ ಕಥೆ ಇದರ ಮೊದಲ ಸಂಪುಟದಲ್ಲಿದೆ. ಅದನ್ನು ಭಕ್ತಿಯ ವಿಜಯವೆಂದು ಓದಿದವರಿದ್ದಾರೆ, ಮತಾಂಧತೆಯ ದುರಂತವೆಂದು ಓದಿದವರೂ ಇದ್ದಾರೆ. ನಮಗೆ ಈ ಎರಡು ಓದುಗಳೂ ಅವಸರದವಾಗಿ ತೋರುತ್ತವೆ. ಏಕೆಂಬುದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಕಥೆಗೆ ಆಧಾರವಾದ ಸಂಗತಿ ನಿಜವಾಗಿ ನಡೆದುದು. ಸ್ವೀಡನ್ನಿನ ಡಾಲರ್ನಾ ಪ್ರಾಂತದ ನೋಸ್ ಎಂಬ ಗ್ರಾಮದಿಂದ ೧೮೯೬ರ ಬೇಸಗೆಯಲ್ಲಿ ೩೭ ಮಂದಿ ತಮ್ಮ ಆಸ್ತಿಯನ್ನು ಮಾರಿ ಜೆರುಸಲೇಮಿನ ‘ಅಮೆರಿಕನ್ ಕಾಲೊನಿ’ಯನ್ನು ಸೇರಿದರು. ಶಿಕಾಗೋ ನಗರದ ಸ್ಪಾಫರ್ಡ್ ದಂಪತಿಗಳು ೧೮೮೧ರಲ್ಲಿ ಸ್ಥಾಪಿಸಿದ ಭಕ್ತಸಮುದಾಯವದು. ೧೮೭೩ರಲ್ಲಿ ‘ವಿಲ್ ದು ಹಾವ್ರ್’ ಎಂಬ ಹಡಗು ಮುಳುಗಿದಾಗ ತಮ್ಮ ನಾಲ್ವರು ಹೆಣ್ಣುಮಕ್ಕಳನ್ನೂ ಕಳೆದುಕೊಂಡ ದಂಪತಿಗಳು ಅವರು. ಆ ಕಾಲದಲ್ಲಿ ಬಡತನದ ದೆಸೆಯಿಂದ ಲಕ್ಷಗಟ್ಟಲೆ ಸ್ವೀಡನ್ನರು ಅಮೆರಿಕೆಗೆ ವಲಸೆ ಹೋಗುತ್ತಿದ್ದರು. ನೋಸ್ ಗ್ರಾಮದವರಾದರೋ ಹೊಟ್ಟೆಯ ಚಿಂತೆಯಿಂದಲ್ಲ, ಶ್ರದ್ಧೆಯಿಂದ ಹೊರಟವರು. ಲಾಗರ್ಲೋಫ್ ಅವರು ೧೯೦೦ರಲ್ಲಿ ಜೆರುಸಲೇಮಿಗೆ ಸ್ವತಃ ಹೋಗಿ ಅವರನ್ನು ಕಂಡು ಬಂದರು.

ಕಾದಂಬರಿಯು ಈ ವಲಸೆಯಿಂದ ಆರಂಭವಾಗುವುದಿಲ್ಲ. ಇಂಗ್ಮಾರ್ ಎಂಬ ಯುವಕನು ಹೊಲ ಉಳುತ್ತಿರುವ ದೃಶ್ಯದಿಂದ ಅದು ತೆರೆಯುತ್ತದೆ. ಅವನ ತಂದೆ ತೀರಿಕೊಂಡಿದ್ದಾನೆ. ಸ್ವರ್ಗದಲ್ಲಿ ಒಂದು ದೊಡ್ಡ ಒಕ್ಕಲು ಮನೆಯಿದೆಯೆಂದೂ, ಅದರ ವಿಶಾಲವಾದ ಕೋಣೆಯಲ್ಲಿ ಹಿಂದಿನ ಇಂಗ್ಮಾರರೆಲ್ಲರೂ ಗೋಡೆಯ ಸುತ್ತ ಕುಳಿತಿರುವರೆಂದೂ, ತಾನು ಹೋಗಿ ತಂದೆಯ ಮುಂದೆ ನಿಂತು ಸಲಹೆ ಬೇಡುತ್ತಿರುವೆನೆಂದೂ ಅವನು ಭಾವಿಸಿಕೊಳ್ಳುತ್ತಾನೆ. ಅವನ ಸಂಕಟ ಸಣ್ಣದಲ್ಲ. ಅವನಿಗೆ ನಿಶ್ಚಿತಳಾಗಿದ್ದ ಬ್ರೀತಾ, ಮದುವೆಯನ್ನು ಅವನು ಮುಂದೂಡಿದುದರಿಂದ ಅವಮಾನದಲ್ಲಿ ಬೆಂದು, ಹುಟ್ಟಿದ ಕೂಸನ್ನು ಕೊಂದು ಮೂರು ವರ್ಷ ಸೆರೆಮನೆಯಲ್ಲಿದ್ದಾಳೆ. ಈಗ ಬಿಡುಗಡೆಯ ದಿನ ಬಂದಿದೆ. ಅವಳ ತಂದೆತಾಯಿಗಳು ಅವಳನ್ನು ಅಮೆರಿಕೆಗೆ ಕಳುಹಿಸಿ ಕೈತೊಳೆದುಕೊಳ್ಳುವ ಯೋಚನೆಯಲ್ಲಿದ್ದಾರೆ. ಅವಳನ್ನು ಮನೆಗೆ ಕರೆತರಬೇಕೆ, ಹೋಗಗೊಡಬೇಕೆ?

ಈ ಪ್ರಶ್ನೆಗೆ ಪಿತೃಗಳಿಂದ ಸ್ಪಷ್ಟವಾದ ಆಜ್ಞೆಯೇನೂ ದೊರೆಯುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನೇಗಿಲ ಹಿಂದೆ ನಡೆಯುತ್ತ ನಡೆಯುತ್ತ, ಪ್ರಶ್ನೆಯನ್ನು ಸರಿಯಾಗಿ ಕೇಳುವ ಯೋಗ್ಯತೆಯನ್ನಷ್ಟೇ ಅವನು ಸಂಪಾದಿಸುತ್ತಾನೆ. ನಿರ್ಧಾರದ ಹೊರೆ ಅವನ ಹೆಗಲ ಮೇಲೆಯೇ ಉಳಿಯುತ್ತದೆ. ಕೊನೆಗೆ ಬ್ರೀತಾ ಅಮೆರಿಕೆಗೆ ಹೋಗುವುದಿಲ್ಲ, ಆ ಮನೆಯ ಸೊಸೆಯಾಗುತ್ತಾಳೆ. ಊರವರು ಅವನನ್ನು, ಅವನ ಹಿರಿಯರನ್ನು ಕರೆದಂತೆ, ‘ದೊಡ್ಡ ಇಂಗ್ಮಾರ್’ ಎಂದು ಕರೆಯತೊಡಗುತ್ತಾರೆ. ಆ ಮನೆತನದಲ್ಲಿ ಈ ಹೆಸರು ಹುಟ್ಟಿನಿಂದ ಬರುವುದಲ್ಲ, ನಡತೆಯಿಂದ ಗಳಿಸಬೇಕಾದುದು.

ಹೀಗೆ ತಪ್ಪಿಹೋದ ಒಂದು ವಲಸೆಯಿಂದ ಆರಂಭವಾದ ಸಂಪುಟವು ತಪ್ಪಿಸಲಾಗದ ಮತ್ತೊಂದು ವಲಸೆಯಲ್ಲಿ ಮುಗಿಯುತ್ತದೆ. ನಡುವೆ ನಿಂತಿರುವುದು ದೊಡ್ಡ ಇಂಗ್ಮಾರನ ಮರಣ.

ಆ ಮರಣವನ್ನು ಲೇಖಕಿ ಬಹು ಸಂಯಮದಿಂದ ಚಿತ್ರಿಸಿದ್ದಾರೆ. ವಸಂತಕಾಲದ ನೆರೆಯಲ್ಲಿ ತೇಲಿಹೋಗುತ್ತಿದ್ದ ಮಕ್ಕಳನ್ನು ಉಳಿಸಲು ಮುದುಕನು ನದಿಗಿಳಿಯುತ್ತಾನೆ, ಮಕ್ಕಳು ಬದುಕುತ್ತಾರೆ, ತೇಲಿಬಂದ ಮರದ ದಿಮ್ಮಿಯ ಹೊಡೆತಕ್ಕೆ ಅವನ ದೇಹ ಜರ್ಜರಿತವಾಗುತ್ತದೆ. ಸಾಯುವಾಗ ಅವನು ಧರ್ಮೋಪದೇಶ ಮಾಡುವುದಿಲ್ಲ. ತನ್ನ ಜೇಬಿನಲ್ಲಿದ್ದ ಗಡಿಯಾರವನ್ನು ಹಾಲ್ವೋರನಿಗೆ ತಲುಪಿಸಬೇಕೆಂದು ಮಗಳು ಕರೀನಳಿಗೆ ಹೇಳುತ್ತಾನೆ. ಹಾಲ್ವೋರನೆಂದರೆ ಅವಳಿಗೆ ಹಿಂದೆ ನಿಶ್ಚಿತನಾಗಿದ್ದವನು. ಕುಡಿತದ ಒಂದು ಪ್ರಸಂಗದಿಂದಾಗಿ ಅವನನ್ನು ನಿರಾಕರಿಸಲಾಗಿತ್ತು. ಕರೀನಳಿಗೆ ಆಮೇಲೆ ದೊರೆತ ಗಂಡನೇ ದೊಡ್ಡ ಕುಡುಕನಾದನು. ಅನ್ಯಾಯವೊಂದು ತನ್ನ ಮನೆಯಿಂದ ನಡೆದುಹೋಯಿತೆಂಬ ಅರಿವು ಮುದುಕನನ್ನು ಕೊನೆಯ ಗಳಿಗೆಯಲ್ಲಿಯೂ ಬಿಟ್ಟಿಲ್ಲ. ನದಿಯಲ್ಲಿ ಒಡೆದುಹೋದ ಗಡಿಯಾರ ಅದು, ಅದರ ಬೆಲೆಯೆಷ್ಟು? ಆದರೆ ಸಾಲ ತೀರಿಸುವ ಆ ರೀತಿಯಲ್ಲಿ ಅವನ ಧರ್ಮವೆಲ್ಲ ಅಡಗಿದೆ.

ಕರೀನಳು ತಂದೆಯ ಮಾತನ್ನು ಕೂಡಲೇ ನಡೆಸುವುದಿಲ್ಲ. ಗಡಿಯಾರವು ತಡವಾಗಿ ಹಾಲ್ವೋರನ ಕೈಸೇರುತ್ತದೆ. ಅದು ಸೇರಿದಂದಿನಿಂದ ಮುರಿದ ಸಂಬಂಧ ಕೂಡಿಕೊಳ್ಳುತ್ತದೆ, ವಿಧವೆಯಾದ ಕರೀನಳನ್ನು ಹಾಲ್ವೋರನು ವರಿಸುತ್ತಾನೆ. ಅದರ ಫಲವನ್ನು ನೋಡಿರಿ. ತಂದೆಯ ಕೊನೆಯ ನ್ಯಾಯವೇ ಹಾಲ್ವೋರನನ್ನು ಆ ಮನೆಯ ಯಜಮಾನನನ್ನಾಗಿ ಮಾಡಿತು. ಆ ಯಜಮಾನನೇ ಹೆಂಡತಿಯೊಡನೆ ಮನೆಯನ್ನು ಹರಾಜಿಗಿಟ್ಟನು. ಎಳೆಯ ಮಗ ಇಂಗ್ಮಾರನಿಗೆ ಸಲ್ಲಬೇಕಾದ ಹೊಲಮನೆ ಅನ್ಯರ ಪಾಲಾಗುವ ಸ್ಥಿತಿ ಬಂದಿತು. ಸತ್ಕರ್ಮದಿಂದ ಹುಟ್ಟಿದ ಈ ಸಂಕಟಕ್ಕೆ ಲೇಖಕಿ ಯಾರನ್ನೂ ಹೊಣೆಮಾಡುವುದಿಲ್ಲ. ಕಾದಂಬರಿಯ ಗಾಂಭೀರ್ಯ ಇರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ದೊಡ್ಡ ಇಂಗ್ಮಾರನು ಹೋದ ಮೇಲೆ ಊರಿನಲ್ಲಿ ಮಾರ್ಗದರ್ಶಕರಿಗೆ ಕೊರತೆಯಿರಲಿಲ್ಲ, ಮಾರ್ಗಕ್ಕೇ ಕೊರತೆಯಾಯಿತು. ಶಾಲಾಮಾಸ್ತರ ಸ್ಟೋರ್ಮನು ಜನರ ಶ್ರದ್ಧೆ ಅನ್ಯಮಾರ್ಗಕ್ಕೆ ಹೋಗದಿರಲೆಂದು ಒಂದು ಪ್ರಾರ್ಥನಾಮಂದಿರವನ್ನು ಕಟ್ಟಿಸುತ್ತಾನೆ. ಬಾಗಿಲು ತೆರೆದ ಮೇಲೆ ಅಲ್ಲಿ ಇತರರೂ ಉಪದೇಶಿಸತೊಡಗುತ್ತಾರೆ! (ಸಂಸ್ಥೆಗಳನ್ನು ಕಟ್ಟುವವರು ಈ ಅಧ್ಯಾಯವನ್ನು ಎರಡು ಸಲ ಓದಬಹುದು.) ಆಮೇಲೆ ಅಮೆರಿಕೆಯಿಂದ ಹೆಲ್ಗುಮ್ ಬರುತ್ತಾನೆ. ನಡೆಯಲಾರದೆ ಕುಳಿತಿದ್ದ ಕರೀನಳು ಎದ್ದು ನಡೆಯುವಂತಾದಾಗ ಅವಳು ಅವನ ಅನುಯಾಯಿಯಾಗುತ್ತಾಳೆ. ಮುಂದೆ ಅವನು ಜೆರುಸಲೇಮಿನಿಂದ ಬರೆದ ಪತ್ರವನ್ನು ಓದಿದಾಗ, ನೆರೆದವರಲ್ಲಿ ಒಬ್ಬೊಬ್ಬರಿಗೂ ಅಲ್ಲಿಗೆ ಹೋಗಬೇಕೆಂಬ ದೇವರ ಧ್ವನಿ ಕೇಳಿಸುತ್ತದೆ.

ಈ ಧ್ವನಿ ಸತ್ಯವೋ ಭ್ರಮೆಯೋ? ಲೇಖಕಿ ಮೌನವಾಗಿದ್ದಾರೆ. ಆದರೆ ರಚನೆಯಲ್ಲಿ ಒಂದು ಸೂಚನೆಯಿದೆ. ತಂದೆಯಾದ ಇಂಗ್ಮಾರನು ಹೊಲದಲ್ಲಿ ಏಕಾಂಗಿಯಾಗಿ, ಕೆಲಸ ಮಾಡುತ್ತ, ಉತ್ತರಕ್ಕಾಗಿ ಕಾದನು. ಮಗಳು ಕರೀನಳು ಮೃತಪಿತನೊಡನೆ ಅಂತಹ ಒಂದು ಮಾತನ್ನೂ ಆಡುವುದನ್ನು ನಾವು ಕಾಣೆವು. ಅವಳಿಗೆ ಪ್ರಶ್ನೆಗಿಂತ ಮೊದಲೇ ಉತ್ತರ ಬಂದುಬಿಡುತ್ತದೆ. ಅವಳ ಭಕ್ತಿಯಲ್ಲಿ ಕಪಟವಿಲ್ಲ, ತ್ಯಾಗದಲ್ಲಿ ಕೊರತೆಯಿಲ್ಲ, ಕಾಯುವಿಕೆ ಮಾತ್ರ ಇಲ್ಲ. ಅವಳನ್ನು ಮತಾಂಧಳೆಂದು ಕರೆಯುವವರು ಈ ಸೂಕ್ಷ್ಮವನ್ನು ಕಾಣದೆ ಹೋಗಿದ್ದಾರೆ. ಅವಳನ್ನು ಬರಿದೆ ಕೊಂಡಾಡುವವರು, ಅವಳು ಬಿಟ್ಟುಕೊಟ್ಟುದರಲ್ಲಿ ತಮ್ಮನ ಪಾಲೂ ಇತ್ತೆಂಬುದನ್ನು ಮರೆತಿದ್ದಾರೆ.

ಹಾಗೆಂದು ಊರಿನಲ್ಲಿ ಉಳಿದ ತಮ್ಮನು ನಿರ್ದೋಷಿಯೆ? ಅವನು ಮಾಸ್ತರನ ಮಗಳು ಗರ್ಟ್ರೂಡಳನ್ನು ಪ್ರೀತಿಸಿದ್ದವನು. ಹಿರಿಯರ ಭೂಮಿಯನ್ನು ಉಳಿಸಿಕೊಳ್ಳಲು ಅವಳನ್ನು ಬಿಟ್ಟು ಸಿರಿವಂತನ ಮಗಳು ಬಾರ್ಬ್ರೊಳನ್ನು ಮದುವೆಯಾಗುತ್ತಾನೆ. ದೇವರಿಗಾಗಿ ಅಕ್ಕನು ಭೂಮಿಯನ್ನು ಮಾರಿದಳು, ಭೂಮಿಗಾಗಿ ತಮ್ಮನು ಕೊಟ್ಟ ಮಾತನ್ನು ಮಾರಿದನು. ತಂದೆಯ ಹೆಸರಿನಲ್ಲಿ ನಡೆದ ಈ ಎರಡನೆಯ ವ್ಯಾಪಾರದ ಬಗ್ಗೆ ಲೇಖಕಿ ತುಸು ಹೆಚ್ಚು ದಯೆ ತೋರಿದ್ದಾರೆಂದು ನಮಗೆ ಅನಿಸುತ್ತದೆ. ಅವರ ಹುಟ್ಟುಮನೆಯಾದ ಮೋರ್ಬಾಕಾ ಕೂಡ ಅವರ ತಂದೆ ೧೮೮೫ರಲ್ಲಿ ತೀರಿಕೊಂಡ ಬಳಿಕ ಪರರ ಪಾಲಾಗಿತ್ತು. ಅದನ್ನು ಅವರು ೧೯೦೭ರಲ್ಲಿ, ತಮ್ಮ ಬರಹದ ಸಂಪಾದನೆಯಿಂದ ಮರಳಿ ಕೊಂಡರು. ಹೊಲಮನೆಯ ಮೇಲಿನ ಮಮತೆ ಲೇಖನಿಯನ್ನು ಎಳೆದಿದ್ದರೆ ಆಶ್ಚರ್ಯವಿಲ್ಲ.

ಹೆಲ್ಗುಮನ ಪಾತ್ರವೂ ದುರ್ಬಲವಾಗಿದೆ. ಇಷ್ಟು ಗಟ್ಟಿ ಮನಸ್ಸಿನ ಒಕ್ಕಲಿಗರನ್ನು ಬೇರುಸಹಿತ ಕಿತ್ತ ಶಕ್ತಿ ಅವನ ಮಾತುಗಳಲ್ಲಿ ನಮಗೆ ಕೇಳಿಸುವುದಿಲ್ಲ. ಎರಡನೆಯ ಸಂಪುಟದಲ್ಲಿ ಕಥೆ ಜೆರುಸಲೇಮಿಗೆ ಸಾಗಿದ ಮೇಲೆ ಘಟನೆಗಳು ಹೆಚ್ಚಿ ಬಿಗಿ ಸಡಿಲುತ್ತದೆ.

ಪ್ರಯಾಣದ ದಿನದ ವರ್ಣನೆ ಮಾತ್ರ ಮರೆಯುವಂತಹದಲ್ಲ. ದೊಡ್ಡವರ ಮುಖದಲ್ಲಿ ಪವಿತ್ರ ನಗರದ ಕನಸು. ಮಕ್ಕಳಾದರೋ ತಮಗೆ ಜೆರುಸಲೇಂ ಬೇಡ, ಮನೆಗೆ ಹೋಗಬೇಕೆಂದು ಅಳುತ್ತಾರೆ. ಈ ಗ್ರಂಥದ ಇಂಗ್ಲಿಷ್ ಅನುವಾದ ಲಭ್ಯವಿದೆ. ಬಿಡುವಿಲ್ಲದವರು ಮೊದಲ ಸಂಪುಟವನ್ನಾದರೂ ಓದಲಿ. ಆದರೆ ನೇಗಿಲಿನ ಆ ಮೊದಲ ಭಾಗವನ್ನು ಪೀಠಿಕೆಯೆಂದು ತಿಳಿದು ಹಾರಿಸಿ ಮುಂದೆ ಹೋಗದಿರಲಿ.